ಅಕ್ಕನ ಕೈಯಲ್ಲಿ ನಿಲ್ಲುವ ಗಾಡಿ

ಸೇತುವೆಯ ನಟ್ಟನಡುವೆ ಸ್ಕೂಟರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಹಿಂದೆ ಕೂತಿದ್ದ ಮೆಕ್ಯಾನಿಕ್ ತಮ್ಮನಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ಅಕ್ಕನ ಕೈಯೇ ಸರಿಯಿಲ್ಲ ಎಂದು ಅವನು ಕಂಡಕಂಡವರಿಗೆಲ್ಲ ಸಾರಿದ್ದ. ಈಗ ಕಣ್ಣಾರೆ ನೋಡಿದಂತಾಯಿತು.

"ಚೋಕ್ ಎಳೆದೆಯಾ?"

"ಮುಟ್ಟೇ ಇಲ್ಲ ಕಣೋ."

"ಹಾಗಾದ್ರೆ ಆಕ್ಸಿಲರೇಟರ್ ತಿರುಚಿ ತಿರುಚಿ ಅದರ ಪ್ರಾಣ ತೆಗೆದಿದ್ದೀಯ."

ಅಕ್ಕನ ಕಾಲ ಬಳಿ ಐಸ್ ಪೆಟ್ಟಿಗೆ, ಅದರೊಳಗೆ ರಕ್ತದ ಚೀಲಗಳು. ರಕ್ತನಿಧಿಯಿಂದ ಆಸ್ಪತ್ರೆಗೆ ರಕ್ತ ಮುಟ್ಟಿಸುವುದು ಅವಳ ಕೆಲಸ. ಇಷ್ಟು ವಯಸ್ಸಿಗೆ, ತಲೆಯೆತ್ತಿ ಹೇಳಿಕೊಳ್ಳುವಂಥ ಕೆಲಸ ಅವಳಿಗೆ ಸಿಕ್ಕಿದ್ದು ಇದೊಂದೇ. ಆದರೆ ಈಚೆಗೆ ಗಾಡಿ ದಾರಿಯಲ್ಲಿ ಪದೇ ಪದೇ ಕೈಕೊಡುತ್ತಿತ್ತು. ಆಸ್ಪತ್ರೆಯ ಮೇಲ್ವಿಚಾರಕರು ಗ್ಯಾರೇಜಿಗೇ ಬಂದು ವಿಚಾರಿಸಿದಾಗ ತಮ್ಮ, "ಗಾಡಿ ಅಪ್ಪಟ ಚಿನ್ನ ಸಾರ್, ನನ್ನಾಣೆ. ನಮ್ಮಕ್ಕನಿಗೆ ಓಡಿಸೋಕೆ ಬರಲ್ಲ, ಅಷ್ಟೇ" ಎಂದುಬಿಟ್ಟಿದ್ದ. ತನ್ನ ರಿಪೇರಿಯ ಮರ್ಯಾದೆ ಉಳಿಯಿತಲ್ಲ, ಅವನಿಗೆ ಅಷ್ಟು ಸಾಕಿತ್ತು. ಇನ್ನೊಂದು ಸಲ ತಡವಾದರೆ ಕೆಲಸ ಬಿಡಿ ಎಂದು ಅವರು ಅಕ್ಕನಿಗೆ ಖಡಾಖಂಡಿತವಾಗಿ ಹೇಳಿದ್ದರು.

ಹಿಂದಿನ ವಾಹನಗಳು ಹಾರ್ನ್ ಬಾರಿಸತೊಡಗಿದವು. ಅಕ್ಕನ ಫೋನೂ ಬಡಿದುಕೊಂಡಿತು.

"ಬಂದೆ ಸಾರ್, ಸೇತುವೆ ಮೇಲಿದ್ದೀನಿ," ಎಂದು ಇಟ್ಟವಳ ಮುಖ ಬಿಳಿಚಿಕೊಂಡಿತ್ತು. "ಆಪರೇಷನ್ ಶುರುವಾಗಿದೆಯಂತೆ ಕಣೋ. ಏನಾದ್ರೂ ಮಾಡೋ."

ಅವನು ಪ್ಲಗ್ ಬಿಚ್ಚಿ, ಇಂಜಿನ್ನಿಗೆ ತಾಗಿಸಿ, ಕಿಕ್ ಹೊಡೆಯಲು ಹೇಳಿದ. ನೀಲಿ ಕಿಡಿ ಚಟ್ಟನೆ ಹಾರಿತು. ಆದರೆ ಪ್ಲಗ್ಗಿನ ತುದಿ ಒಣಗಿತ್ತು. ಅಕ್ಕ ಚೋಕ್ ಎಳೆದು ಪೆಟ್ರೋಲ್ ಉಕ್ಕಿಸಿದ್ದರೆ ಅದು ಒದ್ದೆಯಾಗಿರಬೇಕಿತ್ತು.

ಕಾರ್ಬುರೇಟರಿನ ತಳದ ಸ್ಕ್ರೂ ಸಡಿಲಿಸಿದ. ಪೆಟ್ರೋಲ್ ಒಂದು ಹನಿಯೂ ಇಲ್ಲ. ಪೆಟ್ರೋಲ್ ಚಿಮ್ಮಿಸುವ ಅದರ ಸಣ್ಣ ಜೆಟ್ಟನ್ನು ನಿನ್ನೆ ತಾನೇ ತೊಳೆದು ಊದಿ ಕೂರಿಸಿದ್ದ. ಟ್ಯಾಂಕಿನಿಂದ ಬರುವ ಪೈಪು ಕಿತ್ತ. ಪೆಟ್ರೋಲ್ ಚೂರು ಜಿನುಗಿ ನಿಂತಿತು. ಗಾಡಿ ಅಲ್ಲಾಡಿಸಿದರೆ ಟ್ಯಾಂಕಿನಲ್ಲಿ ಗುಳುಗುಳು ಸದ್ದು, ಆದರೆ ಕೆಳಗಿಳಿಯಲು ಮಾತ್ರ ಅದಕ್ಕೆ ಮನಸ್ಸಿಲ್ಲ. ಸೀಟೆತ್ತಿ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಸ್ ಎಂದು ಗಾಳಿ ಒಳಗೆ ನುಗ್ಗಿತು. ಮರುಕ್ಷಣವೇ ಪೈಪಿನಿಂದ ಪೆಟ್ರೋಲ್ ಧಾರೆಯಾಗಿ ಸುರಿಯಿತು.

ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಅದರಿಂದ ಗಾಳಿ ಒಳಹೋದರೆ ತಾನೇ ಪೆಟ್ರೋಲ್ ಇಳಿಯುವುದು! ಗಾಡಿಗೆ ಹೊಸ ಬಣ್ಣ ಹೊಡೆದಾಗ ಚೆಂದ ಕಾಣಲೆಂದು ಮುಚ್ಚಳಕ್ಕೂ ಬಳಿದವನು ಅವನೇ. ತೂತು ಮುಚ್ಚಿಹೋಗಿತ್ತು. ಗ್ಯಾರೇಜಿನಲ್ಲೋ, ಗಾಡಿ ಕೈಗೆ ಬಂದ ಕೂಡಲೇ ಮುಚ್ಚಳ ಬಿಚ್ಚಿ ಪಕ್ಕಕ್ಕಿಟ್ಟು ಟ್ಯಾಂಕಿನೊಳಗೆ ಇಣುಕುವುದು ಅವನ ರೂಢಿ. ಕೆಲಸವೆಲ್ಲ ಮುಗಿದ ಮೇಲೇ ಅದನ್ನು ಮತ್ತೆ ಹಾಕುವುದು. ಹಾಗಾಗಿ ಅವನ ಮುಂದೆ ಗಂಟೆಗಟ್ಟಲೆ ಓಡುತ್ತಿದ್ದ ಇಂಜಿನ್ನು, ಅಕ್ಕ ಹೊರಟು ಸ್ವಲ್ಪ ದೂರ ಹೋದರೆ ಉಸಿರುಗಟ್ಟಿ ನಿಲ್ಲುತ್ತಿತ್ತು. ಭಾರೀ ಮೆಕ್ಯಾನಿಕ್ಕು! ಇದಕ್ಕೆ ಮೊದಲು ಒಂದೇ ಒಂದು ಸಲ ಅಕ್ಕನ ಹಿಂದೆ ಕೂತು ಬಂದಿದ್ದರೆ ಆಗುತ್ತಿತ್ತು.

"ಅಕ್ಕಾ, ಒಂದು ಪಿನ್ ಕೊಡು."

ಬಣ್ಣ ಚುಚ್ಚಿ ತೂತು ಬಿಡಿಸಿ, ಎಲ್ಲ ಕೂರಿಸಿ ಕಿಕ್ ಒದ್ದ. ಇಂಜಿನ್ ಗುಡುಗಿತು.

"ಏನಾಗಿತ್ತೋ?"

"ಆಮೇಲೆ ಹೇಳ್ತೀನಿ. ಹೊರಡು."

ಅಕ್ಕ ವಾಹನಗಳ ಸಂದಿಯಲ್ಲಿ ತೂರಿಕೊಂಡು, ಎಲ್ಲೂ ಕಾಲೂರದೆ ಓಡಿಸಿದಳು. ಎಷ್ಟು ಹದವಾಗಿ ಓಡಿಸುತ್ತಾಳೆ ಎಂದು ಅವನು ನೋಡಿದ್ದು ಅವತ್ತೇ. ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದ ನರ್ಸ್ ಪೆಟ್ಟಿಗೆ ಕಿತ್ತುಕೊಂಡು, "ಬಂತು, ಬಂತು!" ಎನ್ನುತ್ತ ಒಳಗೆ ಓಡಿದಳು. ಅವಳ ಹಿಂದೆಯೇ ಮೇಲ್ವಿಚಾರಕರು ನಿಂತಿದ್ದರು.

"ಸದ್ಯ, ಜೀವಕ್ಕೇನೂ ಆಗಲಿಲ್ಲ. ಆದ್ರೆ ಸಾಕಮ್ಮ, ಇನ್ನು ನಮ್ಮ ಕೈಲಾಗಲ್ಲ. ನಾಳೆಯಿಂದ ಬೇರೆಯವರು ಬರ್ತಾರೆ."

"ಸಾರ್, ತಪ್ಪು ನಂದು!" ತಮ್ಮ ಮುಂದೆ ಬಂದ. "ಟ್ಯಾಂಕಿನ ಮುಚ್ಚಳದ ತೂತಿಗೆ ನಾನೇ ಬಣ್ಣ ಬಳಿದುಬಿಟ್ಟಿದ್ದೆ. ಅಕ್ಕ ಚೆನ್ನಾಗೇ ಓಡಿಸ್ತಾಳೆ. ನನ್ನಾಣೆ ಸಾರ್."

ಅವರು ಅವನನ್ನು ಮೇಲಿಂದ ಕೆಳಗಿನ ತನಕ ನೋಡಿದರು. ಸಿಟ್ಟಿಗಿಂತ ಕನಿಕರವೇ ಇತ್ತು ಆ ಕಣ್ಣುಗಳಲ್ಲಿ.

"ಅಕ್ಕನ ಕೆಲಸ ಹೋಗುತ್ತೆ ಅಂತ ಸಂಕಟ, ಅರ್ಥವಾಗುತ್ತೆ ತಮ್ಮಾ. ಆದ್ರೆ ಮೊನ್ನೆಯೂ ಹೀಗೇ ಆಣೆ ಇಟ್ಟಿದ್ರಲ್ಲ. ಆವತ್ತು ನಿಮಗೆ ಉಳಿಸಿಕೊಳ್ಳೋದು ಏನೂ ಇರಲಿಲ್ಲ. ನಾನು ಆವತ್ತಿನ ಮಾತೇ ನಂಬ್ತೀನಿ."

ಅವರು ಒಳಗೆ ಹೋದರು. ಅಕ್ಕ ಕೊರಳಿನ ಗುರುತಿನ ಚೀಟಿ ತೆಗೆದು, ಅದರ ದಾರವನ್ನು ನಿಧಾನವಾಗಿ ಸುತ್ತತೊಡಗಿದಳು.

"ನಾನು ಚೆನ್ನಾಗೇ ಓಡಿಸ್ತಿದ್ದೆನಾ?"

"ಹೂಂ ಅಕ್ಕಾ. ಚೆನ್ನಾಗೇ ಓಡಿಸ್ತಿದ್ದೆ."

"ನಂಗೇ ಬರಲ್ಲ ಅಂದ್ಕೊಂಡು ರಾತ್ರಿಯೆಲ್ಲ ಅಳ್ತಿದ್ದೆ ಕಣೋ," ಎಂದಳು ಅಕ್ಕ. "ನಿನ್ನ ಮಾತು ನಂಬಿದವರಲ್ಲಿ ನಾನೇ ಮೊದಲನೆಯವಳು."