ಒಂದೇ ಕೂಗು

ವಿಂಧ್ಯಾಳಿಗೆ ಈಚೆಗೆ ಯಾರು ಕರೆದರೂ ಮೊದಲ ಕರೆಗೇ "ಓ" ಎನ್ನುವ ಚಾಳಿ ಹತ್ತಿಕೊಂಡಿತ್ತು. ಅಪ್ಪ ಲಕ್ಷ್ಮೀನಾರಾಯಣ ಅಡುಗೆ ಮಾಡುವ ಉಡುಪಿ ಹೋಟೆಲಿನಲ್ಲಿ ಯಾವನೋ ಗಿರಾಕಿ ಸಾಂಬಾರಿಗೆ ಕೂಗಿದರೂ ಸಾಕು, ಈಕೆ ಬಾಯಿಗೆ ಇಡಹೊರಟ ತುತ್ತನ್ನು ತಟ್ಟೆಗೆ ಬಿಟ್ಟು ಎದ್ದು ನಿಲ್ಲುತ್ತಿದ್ದಳು. ಸೂರತ್ ಪೊಲೀಸಿನ ಖಾಕಿ ತೊಟ್ಟ ಹುಡುಗಿ ಮಾಣಿಯ ಹಾಗೆ ಓಡಿಬರುವುದನ್ನು ಕಂಡು ಠಾಣೆಯ ಜೊತೆಗಾತಿಯರು ಹೊಟ್ಟೆ ಹಿಡಿದು ನಗುತ್ತಿದ್ದರು. ನಗಲಿ ಬಿಡಿ, ಅವರಿಗೇನು ಗೊತ್ತು? ತಾಪಿ ನದಿಯಲ್ಲಿ ಒಬ್ಬ ಹುಡುಗ ಒಂದೇ ಒಂದು ಸಲ ಕೂಗಿದ್ದು, ಅದನ್ನು ಕೇಳಿಯೂ ಇವಳು ನಿಂತಲ್ಲೇ ನಿಂತದ್ದು ಅವರಾರಿಗೂ ತಿಳಿಯದು.

ಅದು ಚೌತಿ ಮುಗಿದ ವಾರ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಹೊಳೆ ಕೆಂಪಗೆ ಉಬ್ಬಿತ್ತು. ಇಲ್ಲಿಯವರು ಓವಾರೊ ಎನ್ನುವ ನದಿಯ ಮೆಟ್ಟಿಲಲ್ಲಿ ಯಾರೂ ಇಳಿಯದಂತೆ ನೋಡಿಕೊಳ್ಳಲು ವಿಂಧ್ಯಾಳನ್ನು ಹಾಕಿದ್ದರು. ಪೂಜೆಯ ಹೂವು ಹಾಕಲು ಪಾಲಿಕೆಯವರು ಮೇಲೆಯೇ ದೊಡ್ಡ ಡ್ರಮ್ಮು ಇಟ್ಟಿದ್ದರು. ಆದರೆ ನಮ್ಮ ಜನಕ್ಕೆ ದೇವರ ಹೂವು ಹರಿಯುವ ನೀರಿಗೇ ಬೀಳಬೇಕು, ಡ್ರಮ್ಮಿಗೆ ಬಿದ್ದರೆ ಅದೇನೋ ಸಮಾಧಾನವಿಲ್ಲ. ದಿನವಿಡೀ ಸೀಟಿ ಊದಿ ಊದಿ ವಿಂಧ್ಯಾಳ ಕೆನ್ನೆ ನೋಯುತ್ತಿತ್ತು. ಮುಸ್ಸಂಜೆಗೆ ಜನ ಕರಗಿದರು. ಅವಳು ಮೆಟ್ಟಿಲ ಮೇಲ್ಗಡೆಯ ಪೊಲೀಸ್ ಚೌಕಿಯ ಗೋಡೆಗೆ ಒರಗಿದಳು.

ಆಗ ಕೆಳಗಿನಿಂದ ಕೂಗು ಬಂತು. "ಅವ್ವಾ!"

ಗುಜರಾತಿಯಲ್ಲಿ ಯಾರಾದರೂ "ಬಚಾವೊ" ಎಂದಿದ್ದರೆ ಅವಳು ಹಾರಿ ಇಳಿದಿರುತ್ತಿದ್ದಳು. ಅದರಲ್ಲಿ ಎರಡು ಮಾತಿಲ್ಲ. ಆದರೆ ತಾಪಿಯ ಕತ್ತಲಿನಿಂದ ಕನ್ನಡದ ಕೂಗು! ಹೊಟ್ಟೆಯಲ್ಲಿದ್ದಾಗಿನಿಂದ ಕೇಳಿಸಿಕೊಂಡಿದ್ದೋ ಎನ್ನುವಷ್ಟು ಹಳೆಯದಾದ ಅಮ್ಮನ ಮಾತು ಕಾಲಿಗೆ ಅಡ್ಡ ಬಂತು. ಕುಂದಾಪುರ ಕಡೆಯ ಅಮ್ಮ ನಳಿನಿ ಮಗಳಿಗೆ ಗುಜರಾತಿ ಕಲಿಸಲಿಲ್ಲ, ಈಜು ಕಲಿಸಲಿಲ್ಲ, ಇದೊಂದನ್ನು ಮಾತ್ರ ಚೆನ್ನಾಗಿ ಕಲಿಸಿದ್ದಳು: "ಹೆಣ್ಣೆ, ಮುಸ್ಸಂಜಿಗೆ ಒಂದ್ ಕೂಗಿಗೆ ಓ ಅಂಬುಕಾಗ. ಮನ್ಷ್ರಾರೆ ಇನ್ನೊಂದ್ ಸಲ ಕರೀತ್ರ್." ಮೊದಲ ಕೂಗಿಗೆ ಓ ಎನ್ನಬಾರದು, ಮನುಷ್ಯರಾದರೆ ಮತ್ತೆ ಕರೆಯುತ್ತಾರೆ, ಸತ್ತವರು ಒಂದೇ ಸಲ ಕರೆಯುತ್ತಾರೆ, ಓಗೊಟ್ಟವರನ್ನು ಕರೆದೊಯ್ಯುತ್ತಾರೆ ಎಂಬುದು ಅವರ ಮನೆಯ ನಂಬಿಕೆ.

ವಿಂಧ್ಯಾ ಎರಡನೆಯ ಕೂಗಿಗೆ ಕಾದಳು.

ಮುಳುಗುವವನಿಗೆ ಎರಡನೆಯ ಸಲ ಬಾಯಿ ಎಲ್ಲಿರುತ್ತದೆ? ಬಾಯಿ ತೆರೆದರೆ ನೀರು. ಇದು ಅವಳಿಗೆ ಹೊಳೆಯುವಷ್ಟರಲ್ಲಿ ಹೊಳೆ ತನ್ನ ಕೆಲಸ ಮುಗಿಸಿತ್ತು. ಟಾರ್ಚು ಹಿಡಿದು ಇಳಿದಾಗ ಪಾಚಿಯ ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ ಇತ್ತು, ಚೆಂಡುಹೂವು ಚೆಲ್ಲಿತ್ತು. ಆಮೇಲೆ ಅವಳು ತರಬೇತಿಯಲ್ಲಿ ಹೇಳಿಕೊಟ್ಟಿದ್ದನ್ನೆಲ್ಲ ಮಾಡಿದಳು. ಟ್ಯೂಬು ಎಸೆದಳು, ಹಗ್ಗ ಎಸೆದಳು, ಅಗ್ನಿಶಾಮಕದವರಿಗೆ ಫೋನು ಮಾಡಿದಳು, ಸೇರಿದ ಜನರನ್ನು ದೂರ ನಿಲ್ಲಿಸಿದಳು. ದೋಣಿಯಲ್ಲಿ ಬಂದವರು ಶಾಭಾಸ್ ಕೂಡ ಹೇಳಿದರು.

ಮರುದಿನ ಕೆಳಗಿನ ಸೇತುವೆಯ ಹತ್ತಿರ ದೇಹ ಸಿಕ್ಕಿತು. ಆದರ್ಶ. ಧಾರವಾಡದಿಂದ ಎಷ್ಟೋ ವರ್ಷದ ಹಿಂದೆ ವರ್ಗವಾಗಿ ಬಂದ ಬ್ಯಾಂಕಿನ ಭೀಮಸೇನರಾಯರ ಒಬ್ಬನೇ ಮಗ. ಭಾನುವಾರ ತಾಯಿ ತಂದೆಯ ಜೊತೆ ಹೋಟೆಲಿಗೆ ಬರುತ್ತಿದ್ದ. ಅವರು ಕನ್ನಡದಲ್ಲಿ ಕೇಳಿದರೆ ಇವನು ಗುಜರಾತಿಯಲ್ಲಿ ಉತ್ತರ ಕೊಡುತ್ತಿದ್ದ.

ಇನ್ಸ್‌ಪೆಕ್ಟರ್ ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ: "ಹುಡುಗ ಕೂಗಿದನಾ?"

"ಇಲ್ಲ ಸಾಹೇಬ್," ಎಂದಳು ವಿಂಧ್ಯಾ. ಕೂಗಿದ ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು, ನೀನೇನು ಮಾಡಿದೆ ಎಂದು. ಆ ಕ್ಷಣಕ್ಕೆ ಅಷ್ಟೇ ಅವಳ ತಲೆಗೆ ಹೊಳೆದದ್ದು.

ಸಾಹೇಬರು ಲೆಕ್ಕ ಹಾಕಿಬಿಟ್ಟರು. ಜಾರಿ ಬಿದ್ದವನು ಕೂಗುತ್ತಾನೆ, ಹಾರಿದವನು ಕೂಗುವುದಿಲ್ಲ. ಚಪ್ಪಲಿ ಬಿಚ್ಚಿಟ್ಟಿದ್ದಾನೆ. ದೇವರಿಗೆ ಹೂವು ಬಿಟ್ಟಿದ್ದಾನೆ. ಕಾಲೇಜಿನಲ್ಲಿ ಒಂದು ವಿಷಯ ಬಾಕಿ ಇತ್ತಂತೆ. ಸರಿ, ಆತ್ಮಹತ್ಯೆ! ಕಾವಲಿದ್ದ ಪೊಲೀಸರ ಮೇಲೂ ಮಾತು ಬರಲಿಲ್ಲ. ಸಾಯಲು ಹೊರಟವನನ್ನು ಯಾರು ತಡೆದಾರು? ವಿಂಧ್ಯಾಳ ಒಂದು "ಇಲ್ಲ" ಠಾಣೆಯವರನ್ನೆಲ್ಲ ಉಳಿಸಿತು, ಸತ್ತ ಹುಡುಗನನ್ನು ಇನ್ನೊಮ್ಮೆ ಮುಳುಗಿಸಿತು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಹೋಟೆಲಿನಿಂದ ಊಟ ಹೋಗುತ್ತಿತ್ತು. ಸೂರತ್ತಿನ ಕನ್ನಡದವರಲ್ಲಿ ಅದು ಕೇಳದೆಯೇ ನಡೆಯುವ ರೂಢಿ. ಆರನೆಯ ದಿನ ಮಧ್ಯಾಹ್ನ ಅಪ್ಪ ಕ್ಯಾರಿಯರನ್ನು ವಿಂಧ್ಯಾಳ ಕೈಗಿತ್ತ. "ನೀನೇ ಹೋಗಿ ಬಾ ಮಗಾ. ಆ ಅಮ್ಮ ಯಾರ ಹತ್ರವೂ ಮಾತಾಡುದಿಲ್ಲ ಅಂತೆ."

ಆದರ್ಶನ ತಾಯಿ ಇಂದಿರಾಬಾಯಿ ಬಾಗಿಲು ತೆರೆದರು. ಒಳಗೆ ಭೀಮಸೇನರಾಯರು ಮಗನ ಮೊಬೈಲು ಹಿಡಿದು ಕೂತಿದ್ದರು. ಬಂದವರಾರು ಎಂದು ತಲೆ ಎತ್ತಿ ನೋಡಲಿಲ್ಲ.

"ದಿನಾ ಅದರಾಗ ಹುಡುಕ್ತಾರವಾ," ಎಂದರು ಇಂದಿರಾಬಾಯಿ. "ಹುಡುಗ ಯಾಕ ಹಂಗ ಮಾಡಿಕೊಂಡಾ, ಯಾರಿಗರೆ ಏನರೆ ಬರದಾನೇನು ಅಂತ. ಊರಾಗಿನ ಆಚಾರ್ರು ಫೋನ್ ಮಾಡಿದ್ರು. ತಾನಾಗೇ ಸತ್ತವರಿಗೆ ಕರ್ಮ ಬ್ಯಾರೆ ಅದಂತ. ನನಗ ಅದ್ಯಾವುದೂ ಬ್ಯಾಡ. ಬೆಳಿಗ್ಗೆ ಉಪ್ಪಿಟ್ಟು ತಿಂದು ಉಪ್ಪು ಕಮ್ಮಿ ಅಂದಿದ್ದಾ. ಸಾಯಾವ ಉಪ್ಪು ಕೇಳ್ತಾನೇನು? ಹೂವು ಹೊಳೀಗೇ ಬಿಟ್ಟು ಬಾ, ಡ್ರಮ್ಮಿನಾಗ ಹಾಕಬ್ಯಾಡ ಅಂದಾಕಿ ನಾನು. ನನ್ನ ಮ್ಯಾಲಿನ ಸಿಟ್ಟಿಗೇ ಹಾರಿದನೇನು ಅಂತ..."

ವಿಂಧ್ಯಾ ಕ್ಯಾರಿಯರನ್ನು ಕೆಳಗಿಟ್ಟಳು. ಕೆಲಸ, ಖಾಕಿ, ಮಗಳು ಪೊಲೀಸು ಎಂದು ಅಡುಗೆಮನೆಯಿಂದ ಹೊರಬಂದು ಗಿರಾಕಿಗಳಿಗೆಲ್ಲ ಹೇಳುವ ಅಪ್ಪನ ಹಿಗ್ಗು, ಎಲ್ಲ ಒಮ್ಮೆ ಕಣ್ಣ ಮುಂದೆ ಬಂದುಹೋಯಿತು. ಹೋದರೆ ಹೋಗಲಿ ಎಂದುಕೊಂಡಳು.

"ಆಂಟಿ, ಅವ್ನು ಹಾರಿದ್ದಲ್ಲ. ಜಾರಿದ್ದು. ಅವ್ನು ಕೂಗಿದ."

ಒಳಗೆ ಭೀಮಸೇನರಾಯರ ಬೆರಳು ಮೊಬೈಲಿನ ಮೇಲೆ ನಿಂತಿತು.

"ಏನಂದಿ?" ಎಂದರು ಇಂದಿರಾಬಾಯಿ.

"ಕೂಗಿದ. ನಾನು ಕೇಳಿದೆ. ನಾನು ಹೋಗ್ಲಿಲ್ಲ." ಉಳಿದದ್ದನ್ನೂ ಅವಳು ಹೇಳಿದಳು. ಅಮ್ಮ ಹೇಳಿಕೊಟ್ಟದ್ದು, ಎರಡನೆಯ ಕೂಗಿಗೆ ಕಾದದ್ದು, ಸಾಹೇಬರಿಗೆ ಸುಳ್ಳು ಹೇಳಿದ್ದು. ಅಳಬಾರದೆಂದು ಹಲ್ಲು ಕಚ್ಚಿದ್ದಳು, ಆದರೂ ಅತ್ತಳು. "ನಾಳೆ ಠಾಣೆಯಲ್ಲಿ ಇದನ್ನೇ ಹೇಳ್ತೇನೆ. ಕೆಲಸ ತೆಗೀಲಿ, ಕೇಸು ಹಾಕ್ಲಿ. ಆತ್ಮಹತ್ಯೆ ಅಂತ ಇರೂದು ಬೇಡ."

ಹೊಡೆಯುತ್ತಾರೆ ಎಂದುಕೊಂಡಿದ್ದಳು. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಇಂದಿರಾಬಾಯಿ ಅವಳ ಕೆಲಸದ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹತ್ತಿರ ಬಂದು ಅವಳ ಎರಡೂ ಕೈ ಹಿಡಿದರು.

"ಏನಂತ ಕರದಾ?"

"ಅವ್ವಾ ಅಂತ."

"ಸುಳ್ಳು. ಅಂವಾ ನನಗ ಮಮ್ಮಿ ಅಂತಿದ್ದಾ. ಸಾಲಿಗೆ ಹಾಕಿದಾಗಿಂದ ಮಮ್ಮೀನ. ಅವ್ವಾ ಅನ್ನಪಾ ಅಂತ ಎಷ್ಟು ಸಲ ಅಂದ್ರೂ ನಗತಿದ್ದಾ." ಹಿಡಿದ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಅವ್ವಾ ಅಂದನೇನು?"

"ಹೌದು ಆಂಟಿ."

"ಹೆಂಗ ಕರದಾ? ಕರದು ತೋರ್ಸು."

ವಿಂಧ್ಯಾ ಬೇಡವೆಂದು ತಲೆಯಾಡಿಸಿದಳು. ಇಂದಿರಾಬಾಯಿ ಕೈ ಬಿಡಲಿಲ್ಲ. ಬಳೆ ಅವಳ ಮಣಿಕಟ್ಟಿಗೆ ಒತ್ತಿ ಗುರುತು ಮೂಡುತ್ತಿತ್ತು. ಕೊನೆಗೆ ವಿಂಧ್ಯಾ ಕಣ್ಣು ಮುಚ್ಚಿ, ಕಿವಿಯಲ್ಲಿ ಇನ್ನೂ ಆರದೆ ಉಳಿದಿದ್ದ ಆ ದನಿಯನ್ನು, ಅದು ಬಂದ ಹಾಗೆಯೇ ಗಂಟಲಿಗೆ ತಂದಳು.

"ಅವ್ವಾ!"

"ಓ..." ಎಂದರು ಇಂದಿರಾಬಾಯಿ. ತಡ ಮಾಡಲಿಲ್ಲ. "ಬಂದೆನಪಾ. ಬಂದೆ."

ಒಳಗಿನಿಂದ ಭೀಮಸೇನರಾಯರು ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮೊಬೈಲು ಅವರ ಕೈಯಲ್ಲಿರಲಿಲ್ಲ. ಕೆಳಗೆ ರಸ್ತೆಯಲ್ಲಿ ಯಾರೋ ಆಟೋದವನ ಜೊತೆ ಚೌಕಾಸಿ ಮಾಡುತ್ತಿದ್ದರು.

"ಇನ್ನೊಮ್ಮೆ ಕರಿ," ಎಂದರು ಇಂದಿರಾಬಾಯಿ.

ವಿಂಧ್ಯಾ ಬಾಯಿ ತೆರೆದಳು.

"ಅವ್ನು ಒಂದೇ ಸಲ ಕರೆದದ್ದು, ಆಂಟಿ," ಎಂದಳು.