ರುಸ್ತಿಕೋ ಬೈದ ದಿನ

ಫಿಲಿಪ್ಪೀನ್ಸಿನ ಇಲೊಯಿಲೊ ನಗರದ ನಮ್ಮ ಆಸ್ಪತ್ರೆಗೆ ಲುದಿವಿನಾ ಗಂಡನನ್ನು ಕರೆತಂದದ್ದು ಅವರ ಮರೆವಿಗಿಂತ ಹೆಚ್ಚಾಗಿ ಮೌನಕ್ಕೆ ಬೇಸತ್ತು. ಒಂದು ಕಾಲಕ್ಕೆ ದೋಣಿ ಕಟ್ಟುತ್ತಿದ್ದ ರುಸ್ತಿಕೋ ಈಗ ಕೂರಿಸಿದಲ್ಲಿ ಕೂರುತ್ತಿದ್ದರು. ಹಸಿವು ಅನ್ನುತ್ತಿರಲಿಲ್ಲ, ಬೇಡ ಅಂತಲೂ ಅನ್ನುತ್ತಿರಲಿಲ್ಲ. ಇಂಥವರಿಗೆ ಚುರುಕು ತರುತ್ತದೆಯೇ ಎಂದು ನೋಡಲು ಒಂದು ಉತ್ತೇಜಕ ಔಷಧಿಯ ಅಧ್ಯಯನ ನಮ್ಮಲ್ಲಿ ನಡೆದಿತ್ತು; ರುಸ್ತಿಕೋರನ್ನೂ ಅದಕ್ಕೆ ಸೇರಿಸಿಕೊಂಡೆವು. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಅದೇ ಬಣ್ಣದ ಸಕ್ಕರೆ ಮಾತ್ರೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರಲಿಲ್ಲ. ಪ್ರಶ್ನೆ ಕೇಳಿ ಫಾರಂ ತುಂಬುವ ನರ್ಸ್ ನಾನು.

ಆರನೇ ವಾರ ಲುದಿವಿನಾ ನಗುತ್ತಲೇ ಒಳಬಂದರು. ನಾನು ಅವರನ್ನು ಮನಾಂಗ್, ಅಂದರೆ ಅಕ್ಕ, ಎನ್ನುತ್ತಿದ್ದೆ; ಅವರಿಗೆ ನಾನು ಇಂದಾಯ್, ಹುಡುಗಿ.

“ಇಂದಾಯ್, ನಿನ್ನೆ ಬೈದ್ರು ಕಣೇ! ಮೀನಿನ ಸಾರಿಗೆ ಹುಳಿ ಎಲ್ಲಿ, ನಾಲಿಗೆ ಸತ್ತೋಗಿದ್ಯಾ ನಿಂಗೆ ಅಂದ್ರು!”

“ತಟ್ಟೆ ಗಿಟ್ಟೆ ಎಸೆದ್ರಾ, ಮನಾಂಗ್?”

“ಎಸೆದ್ರು! ಬಾಗಿಲವರೆಗೂ ಹೋಯ್ತು.”

“ಇವಳ ಬಾಯಿಗೆ ಬೀಗ ಇಲ್ಲ,” ಎಂದು ಪಕ್ಕದಲ್ಲಿ ರುಸ್ತಿಕೋ ಗೊಣಗಿದರು. ಅವರ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು.

ಫಾರಂನಲ್ಲಿ ತಟ್ಟೆ ಎಸೆದದ್ದಕ್ಕೆ ಒಂದೇ ಜಾಗವಿತ್ತು: ಅಡ್ಡಪರಿಣಾಮ, ಸಿಡುಕು, ತೀವ್ರ. ತೂಕ ಮೂರು ಕಿಲೋ ಇಳಿದಿತ್ತು, ನಾಡಿ ನೂರ ಹದಿನೆಂಟು. ಡಾಕ್ಟರ್ ವಿಲ್ಯಾರುಸ್ ಓದಿ ಮಾತ್ರೆ ನಿಲ್ಲಿಸಿಬಿಟ್ಟರು.

“ಮೇಡಂ, ಅವರ ಹೆಂಡತಿಗೆ ಬೇಕಾಗಿದ್ದೇ ಈ ಬೈಗುಳ,” ಎಂದೆ.

“ನಂಗೇನು ಅರ್ಥ ಆಗಲ್ವಾ? ನಾಳೆ ಎದೆ ಬಡಿತ ನಿಂತ್ರೆ ಯಾರು ಹೊಣೆ, ನೀನಾ?”

ಹೊರಗೆ ಲುದಿವಿನಾ ನನ್ನ ತೋಳು ಹಿಡಿದರು.

“ಖುಷೀಲಿ ಹೇಳಿ ನಾನೇ ಕೆಡಿಸ್ಕೊಂಡೆ. ನೀನಾದ್ರೂ ಬರೀದೆ ಇರಬಹುದಿತ್ತಲ್ಲ?”

ಎರಡೇ ವಾರದಲ್ಲಿ ರುಸ್ತಿಕೋ ಮತ್ತೆ ಮೊದಲಿನಂತಾದರು.

ವರ್ಷ ಕಳೆದ ಮೇಲೆ, ಯಾರಿಗೆ ಯಾವ ಮಾತ್ರೆ ಎಂಬ ಪಟ್ಟಿ ತೆರೆದರು. ರುಸ್ತಿಕೋಗೆ ಸಿಕ್ಕಿದ್ದು ಸಕ್ಕರೆಯಲ್ಲ, ಔಷಧಿಯೇ. ಮೋಲೋ ಬಡಾವಣೆಯ ಅವರ ಮನೆಗೆ ಹೋಗಿ ಹೇಳಿದೆ. ಲುದಿವಿನಾ ಗಂಡನಿಗೆ ಗಂಜಿ ತಿನ್ನಿಸುತ್ತಿದ್ದರು.

“ಹಾಗಾದ್ರೆ ಬೇರೆ ಡಾಕ್ಟ್ರು ಬರೆದುಕೊಡ್ತಾರಾ?”

“ಆ ನಾಡಿ ನೋಡಿ ಯಾರೂ ಬರೆಯಲ್ಲ, ಮನಾಂಗ್.”

“ಮತ್ತೆ ಇದನ್ನ ಹೇಳೋಕೆ ಯಾಕೆ ಬಂದೆ?”

ಚಮಚ ಹತ್ತಿರ ಬಂದಾಗ ರುಸ್ತಿಕೋ ಬಾಯಿ ತೆರೆದರು, ನುಂಗಿದರು. ಅಧ್ಯಯನದ ಕೊನೆಯ ಕಾಗದಕ್ಕೆ ಲುದಿವಿನಾರ ಸಹಿ ಬೇಕೆಂದು ಕಚೇರಿಯವರು ಹೇಳಿಕಳಿಸಿದ್ದರು. ಅದನ್ನು ಚೀಲದಿಂದ ತೆಗೆಯದೆಯೇ ಎದ್ದು ಬಂದೆ.