ಮುಟ್ಟಿ ನೋಡುವ ಕೆಲಸ

“ಮುಟ್ಟಬ್ಯಾಡ ಅಂದ್ರ ಮುಟ್ಟಬ್ಯಾಡ. ಕನ್ನಡಾ ತಿಳೀವಲ್ದೇನ್ ಬೇ ನಿನಗ?”

ಸಂಜುಕುಮಾರ ಗೌಡ ಹೀಗೆ ಅಂದಾಗ ನನ್ನ ಎರಡೂ ಕೈ ಜಿಪ್‌ಲೈನಿನ ತಾಲೀಮಿಗೆ ಬಂದ ಅವನ ಸೋದರತ್ತೆಯ ಸೊಂಟದ ಬೆಲ್ಟಿನ ಮೇಲಿದ್ದವು. ಸುಭದ್ರಾಬಾಯಿ ಎರಡು ಹೆಜ್ಜೆ ಹಿಂದೆ ಸರಿದು, ನಾನು ಹಿಡಿದಿದ್ದ ಜಾಗವನ್ನು ಸೆರಗಿನಿಂದ ಒರೆಸಿಕೊಂಡಳು. ಅವಳ ಬೆನ್ನ ಹಿಂದೆ ನಲವತ್ತು ಅಡಿ ಆಳದ ಕಲ್ಲಿನ ಖಣಿ, ಖಣಿಯ ತಳದಲ್ಲಿ ಕರೀ ನೀರು. ಇನ್ನೊಂದು ಹೆಜ್ಜೆ ಹಿಂದಿಟ್ಟಿದ್ದರೆ ಒರೆಸಿಕೊಳ್ಳಲು ಸೆರಗೂ ಇರುತ್ತಿರಲಿಲ್ಲ.

“ನೋಡ್ರಿ ಸಣ್ಣಗೌಡ್ರ, ಬೆಲ್ಟ್ ಕಣ್ಣಿಗಿ ಬಿಗಿ ಕಾಣ್ತದ, ಒಳಗ ಸಡ್ಲ ಇರ್ತದ. ಕೈಬಟ್ಟು ಹಾಕಿ ಜಗ್ಗಿ ನೋಡ್ಬೇಕು. ಅದಽ ನನ್ನ ಕೆಲ್ಸ.”

“ನಿನ್ನ ಕೆಲ್ಸ ನಾ ಹೇಳ್ತೇನಿ. ಕಲ್ಲಿನಾಥ ಕಟ್ತಾನ. ನೀ ದೂರ ನಿಂತು ಬಾಯಿಲೆ ಹೇಳು.”

“ದೂರ ಅಂದ್ರ ಎಷ್ಟು ದೂರ್ರಿ?”

“ನಾಕ್ ಮಾರು. ನಿಮ್ಮವ್ವಗ ಕೇಳು, ಎಷ್ಟು ದೂರ ಅಂತ ಹೇಳ್ತಾಳ.”

ಕಲ್ಲಿನಾಥ ಅವನ ಕಾಕಾನ ಮಗ. ನಿನ್ನೆಯವರೆಗೆ ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು. ಅತ್ತೆಯ ಸೊಂಟಕ್ಕೆ ಬೆಲ್ಟಿನ ಪಟ್ಟಿಯನ್ನು ತಿರುವುಮುರುವಾಗಿ ಹಾಕಿದ. ನಾನು ನಾಲ್ಕು ಮಾರು ದೂರ ನಿಂತು, ಎಡಕ್ಕೆ ಎಳಿ, ಬಲಕ್ಕೆ ಎಳಿ, ಪಟ್ಟಿ ತಿರುಗಿಸಿ ಹಾಕು ಎಂದು ದನ ಕಾಯುವವಳ ಹಾಗೆ ಕೂಗಿದೆ. ಮೂರು ಸಲ ಹೇಳಿದ ಮೇಲೆ ಪಟ್ಟಿ ಸರಿಯಾಯಿತು. ಅಥವಾ ಸರಿಯಾದಂತೆ ಕಂಡಿತು.

ಚೌಡಾಪುರದ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ ಗೌಡರದೊಂದು ಕರಿಕಲ್ಲಿನ ಖಣಿ. ಕಲ್ಲು ಮುಗಿದು ನೀರು ತುಂಬಿ ಹಾಳುಬಿದ್ದಿತ್ತು. ಗಾಣಗಾಪುರಕ್ಕೆ ಬರುವ ಸೋಲಾಪುರದ, ಪುಣೆಯ ಮಂದಿಯನ್ನು ಈ ಕಡೆ ತಿರುಗಿಸಬೇಕೆಂದು ಸಂಜುಕುಮಾರ ಅದನ್ನೇ ಸಾಹಸ ಕೇಂದ್ರ ಮಾಡಿದ. ಈ ದಂಡೆಯಿಂದ ಆ ದಂಡೆಗೆ ಬಿಗಿದ ಉಕ್ಕಿನ ತಂತಿ, ತಂತಿಯ ಮೇಲೆ ಉರುಳುವ ಗಾಲಿ, ಗಾಲಿಗೆ ಬೆಲ್ಟಿನಿಂದ ನೇತುಬಿದ್ದ ಮನುಷ್ಯ. ಜಿಪ್‌ಲೈನ್ ಅಂದರೆ ಇಷ್ಟೇ. ಇದನ್ನು ನಡೆಸಲು ತರಬೇತಿ ಆದವರೊಬ್ಬರು ಬೇಕು ಎಂದು ಸರ್ಕಾರ ಹೇಳಿತು. ಬಾದಾಮಿಯ ಬಂಡೆಗಳ ಮೇಲೆ ಮೂರು ತಿಂಗಳು ಕಲಿತು, ದಾಂಡೇಲಿಯಲ್ಲಿ ಎರಡು ವರ್ಷ ಹಗ್ಗ ಹಿಡಿದವಳು ಈ ಸುತ್ತಮುತ್ತ ನಾನೊಬ್ಬಳೇ. ಹಾಗಾಗಿ ಸಂಘಮಿತ್ರಾ ಎಂಬ ನನ್ನ ಹೆಸರಿನ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ಅವನ ಆಫೀಸಿನ ಗೋಡೆ ಏರಿತು, ಹಾರ ಹಾಕಿದ ಬಸವಣ್ಣನ ಪಟದ ಪಕ್ಕದಲ್ಲೇ. ದಿನಾ ಬೆಳಿಗ್ಗೆ ಯಾರೋ ಅದರ ಧೂಳನ್ನು ಕೈಯಾರೆ ಒರೆಸುತ್ತಿದ್ದರು. ಅದಕ್ಕೆ ಮೈಲಿಗೆ ಇರಲಿಲ್ಲ.

ಆ ಸಂಜೆ ಸಂಜುಕುಮಾರ ಕಾಗದಗಳ ಒಂದು ಕಟ್ಟು ಮುಂದಿಟ್ಟ. ತಂತಿ ಏರುವ ಪ್ರತಿಯೊಬ್ಬರಿಗೂ ಒಂದು ಕಾಗದ. ‘ಬೆಲ್ಟು, ಕೊಂಡಿ, ಹೆಲ್ಮೆಟ್ ಎಲ್ಲವನ್ನೂ ಕೈಯಾರೆ ಪರೀಕ್ಷಿಸಿದ್ದೇನೆ’ ಎಂದು ಅಚ್ಚಾಗಿತ್ತು. ಕೆಳಗೆ ನನ್ನ ಹೆಸರು.

“ಮುಟ್ಟದನ ಹೆಂಗ್ರಿ ಸೈ ಮಾಡ್ಲಿ?”

“ಪೆನ್ನು ಮುಟ್ಟು, ಸಾಕು.”

ಕಲ್ಲಿನಾಥ ನಕ್ಕ. ಐತವಾರ ಉದ್ಘಾಟನೆ, ಅವತ್ತಿಗೆ ಬೇಕಾದೀತೆಂದು ಏರುವವರ ಹೆಸರು ತುಂಬದ ಇಪ್ಪತ್ತು ಕಾಗದಕ್ಕೆ ನನ್ನಿಂದ ಸಹಿ ಮಾಡಿಸಿಕೊಂಡರು. ಮಾಡಿದೆ. ಕಲಿತ ಕೆಲಸವನ್ನು ನನ್ನ ಊರಿನ ನೆಲದಲ್ಲೇ ಮಾಡಬೇಕು ಅನ್ನುವ ಹುಚ್ಚು ಇತ್ತು. ನನ್ನ ಮೇಲೆ ನನಗೇ ಹೇಸಿಗೆ ಬಂದು, ಹೊರಗೆ ಬಂದವಳೇ ಬೇಲಿಯ ಜಾಲಿಗೆ ಉಗುಳಿದೆ.

ನಮ್ಮವ್ವ ಮಾಳಮ್ಮ ರೊಟ್ಟಿ ಬಡಿಯುತ್ತ ಎಲ್ಲ ಕೇಳಿದಳು. ಇದೇ ಖಣಿಯಲ್ಲಿ ಹದಿನಾಲ್ಕು ವರ್ಷ ಖಡಿ ಒಡೆದವಳು ಅವಳು. ಬಲಗೈ ಹೆಬ್ಬೆರಳಿಗೆ ಉಗುರಿಲ್ಲ.

“ಬಿದ್ರ ಯಾರ ಹೆಸರು ಬರ್ತದ?” ಅಂದಳು.

“ನಂದಽ.”

“ಗೌಡಂದು?”

“ಬರಂಗಿಲ್ಲ. ಕಾಗದದ ಮ್ಯಾಲ ನನ್ನ ಸೈ ಅದ.”

“ಮತ್ತ ಸೈ ಯಾಕ ಮಾಡ್ದಿ, ಹಾಟ್ಯಾನ್ ಮಗಳ?” ಅವ್ವ ಹಿಟ್ಟಿನ ಕೈಯನ್ನು ನಾದುವ ಕೊಣಮಿಗೆಗೆ ಜಾಡಿಸಿದಳು. “ಜೈಲಿಗಿ ಹೋಗಾಕ ಅಷ್ಟು ಓದ್ಬೇಕಿತ್ತೇನು? ನನ್ನಂಗ ಕಲ್ಲು ಒಡದಿದ್ರ ಕೈಬಟ್ಟಷ್ಟಽ ಹೋಗ್ತಿತ್ತು.”

ಐತವಾರ ಬೆಳಿಗ್ಗೆ ಖಣಿಯ ದಂಡೆಗೆ ಶಾಮಿಯಾನ ಬಂತು, ಧ್ವನಿವರ್ಧಕ ಬಂತು, ಆಲೂ ಭಾತಿನ ಹಂಡೆ ಬಂತು. ನಮ್ಮ ಕೇರಿಯ ಮಂದಿ ಎದುರಿನ ದಂಡೆಯಲ್ಲಿ ನಿಂತು ನೋಡಬೇಕೆಂದು ಮೊದಲೇ ಹೇಳಿ ಕಳಿಸಿದ್ದರು. ಈ ಕಡೆ ಗದ್ದಲ ಆಗಬಾರದಂತೆ. ಅವ್ವನೂ ಓಣಿಯ ಹೆಂಗಸರೂ ಅಲ್ಲೇ ಬಿಸಿಲಲ್ಲಿ ನಿಂತಿದ್ದರು. ತಂತಿ ಇಳಿದು ಬಂದವರನ್ನು ಹಿಡಿದು ನಿಲ್ಲಿಸಲು ಅದೇ ದಂಡೆಯಲ್ಲಿ ಜಾವೀದ ಇದ್ದ. ಅವನಿಗೆ ಕೆಲಸ ಕಲಿಸಿದವಳು ನಾನು.

ಮೊದಲು ತಂತಿ ಏರುವವನು ದೊಡ್ಡಗೌಡ, ಸಂಜುಕುಮಾರನ ಅಪ್ಪ ದೌಲತರಾಯ. ಅರವತ್ತು ದಾಟಿದ್ದರೂ ಗಟ್ಟಿ ಆಳು. ಬಿಳೀ ಧೋತರ, ಮೇಲೊಂದು ಜಾಕೀಟು, ಕೊರಳಲ್ಲಿ ತೋಳು ದಪ್ಪದ ಹಾರ, ಹೆಗಲ ಮೇಲೆ ಆಗತಾನೇ ಹೊದಿಸಿದ ಜರಿ ಅಂಚಿನ ಶಾಲು. ಕಲ್ಲಿನಾಥ ಬಗ್ಗಿ ಬೆಲ್ಟು ಬಿಗಿದ. ನಾನು ನಾಲ್ಕು ಮಾರು ದೂರದಿಂದ ಕೂಗಿದೆ:

“ಶಾಲು ತೆಗೀರಿ ಗೌಡ್ರ. ಗಾಳಿಗಿ ಹಾರಿ ಗಾಲ್ಯಾಗ ಸಿಕ್ಕೊಂತದ.”

ದೌಲತರಾಯ ನನ್ನ ಕಡೆ ನೋಡಲಿಲ್ಲ. ಕಲ್ಲಿನಾಥನಿಗೆ ಕೇಳಿದ: “ಏನಂತದಲೇ ಅದು?”

“ಶಾಲು ತೆಗೀಬೇಕಂತ್ರಿ, ದೊಡ್ಡಪ್ಪ.”

“ಮಂದಿ ಹೊಚ್ಚಿದ ಶಾಲು ಇದರ ಮಾತಿಗಿ ಇಳಸ್ಬೇಕೇನ್ ನಾ? ಇಜ್ಜತ್ ಅದನೋ ಇಲ್ಲೋ?”

ಕಲ್ಲಿನಾಥ ಶಾಲಿಗೆ ಕೈ ಹಾಕುವ ಧೈರ್ಯ ಮಾಡಲಿಲ್ಲ. ನಾನೇ ಮುಂದೆ ಹೋದೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಸಂಜುಕುಮಾರ ಅಡ್ಡ ಬಂದ. ಮೊಬೈಲುಗಳು ಅವನ ಕಡೆ ತಿರುಗಿದ್ದವು, ಅವುಗಳಿಗಾಗಿ ನಗುತ್ತಲೇ ಮೆಲ್ಲಗೆ ಅಂದ:

“ಇನ್ನೊಂದ್ ಹೆಜ್ಜಿ ಇಟ್ರ ಕಾಲ್ ಮುರದು ಖಣ್ಯಾಗ ಒಗೀತೇನಿ, ಹೊಲೇರ ರಂಡಿ. ಅಪ್ಪನ ಮೈ ಮುಟ್ತಿ?”

“ಹಂಗಾರ ನಾ ಸೈ ಮಾಡಂಗಿಲ್ಲ.”

“ಅದು ಮೊನ್ನೇ ಆಗ್ಯದ.”

ಕಲ್ಲಿನಾಥ ಕೈ ಬಿಟ್ಟ. ಗಾಲಿ ಗರ್ ಎಂದಿತು. ಶಾಮಿಯಾನದ ಮಂದಿ ಚಪ್ಪಾಳೆ ಹೊಡೆದರು, ಧ್ವನಿವರ್ಧಕ ದೌಲತರಾಯ ಗೌಡರಿಗೆ ಜಯವಾಗಲಿ ಅಂದಿತು. ಆಮೇಲೆ ಖಣಿಯ ಗಾಳಿ ಶಾಲಿನ ತುದಿಯನ್ನು ಎತ್ತಿತು. ಎತ್ತಿ, ತಂತಿಗೂ ಗಾಲಿಗೂ ನಡುವೆ ತುರುಕಿತು. ಕರಕ್ ಎಂಬ ಸದ್ದಾಯಿತು. ಸರಿಯಾಗಿ ಖಣಿಯ ನಡುವೆ ಗೌಡ ಗಕ್ಕನೆ ನಿಂತು, ಹಿಂದಕ್ಕೂ ಮುಂದಕ್ಕೂ ತೂಗಾಡಿದ. ಹೂವಿನ ಎಸಳುಗಳು ನೀರಿಗೆ ಉದುರಿದವು.

ಬೆಲ್ಟಿನಲ್ಲಿ ಅಲುಗಾಡದೆ ನೇತುಬಿದ್ದವನ ತೊಡೆಯಲ್ಲಿ ರಕ್ತ ನಿಂತುಬಿಡುತ್ತದೆ. ಹದಿನೈದು ನಿಮಿಷ, ವಯಸ್ಸಾದವರಿಗೆ ಇನ್ನೂ ಕಡಿಮೆ. ಮೊದಲು ಕಾಲು ಜುಮ್ಮೆನ್ನುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ, ಆಮೇಲೆ ಹೆಣ. ಇದು ಈ ದಂಡೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.

“ಹೋಗಲೇ,” ಎಂದು ಸಂಜುಕುಮಾರ ಕಲ್ಲಿನಾಥನ ಬೆನ್ನಿಗೆ ಗುದ್ದಿದ. ಕಲ್ಲಿನಾಥ ಅಲ್ಲೇ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಜೋಡಿಸಿದ. “ನನಗ ಬರಂಗಿಲ್ಲಣ್ಣ. ನನಗ ಹೆಂಡ್ತಿ ಮಕ್ಕಳಾರ.”

ಆಗ ಸಂಜುಕುಮಾರ ನನ್ನ ಕಡೆ ತಿರುಗಿದ. “ಯವ್ವಾ ಸಂಘಮಿತ್ರಾ,” ಅಂದ. ಅವನ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. “ಹೋಗವಾ. ಜಲ್ದಿ ಹೋಗು.”

ನಾನಾಗಲೇ ನನ್ನ ಗಾಲಿಯನ್ನು ತಂತಿಗೆ ಹಾಕುತ್ತಿದ್ದೆ. ಕಿವಿಯ ಹತ್ತಿರ ಬಗ್ಗಿ ಅವನು ಮತ್ತೂ ಅಂದ:

“ಆದಷ್ಟು ಹಗ್ಗಲೇ ಜಗ್ಗಿ ತಾ. ಮುಟ್ಟಬ್ಯಾಡ. ಮಂದಿ ನೋಡಾಕತ್ತದ.”

ಅಪ್ಪ ಸಾಯುತ್ತಿದ್ದಾನೆ, ಮಗನಿಗೆ ಮಂದಿಯ ಚಿಂತೆ. ನನಗೆ ನಗು ಬಂತು. ಹಲ್ಲು ಕಚ್ಚಿದ್ದರಿಂದ ಅದು ಹೊರಗೆ ಬರಲಿಲ್ಲ. ಕಾಲು ಎತ್ತಿ ತಂತಿಯ ಮೇಲೆ ಜಾರಿದೆ.

ಗೌಡನಿಂದ ಒಂದು ಕೈಯಳತೆ ದೂರದಲ್ಲಿ ನಿಂತೆ. ಹತ್ತಿರದಿಂದ ಅವನು ಬೇರೆಯೇ ಕಂಡ. ಮುಖ ಬೂದಿಯಾಗಿತ್ತು, ಧೋತರ ಮೇಲೇರಿ ತೊಡೆಗಳು ಬೆತ್ತಲಾಗಿದ್ದವು, ಒಂದು ಕಾಲಿನ ಗುಂಟ ಉಚ್ಚೆ ಇಳಿದಿತ್ತು.

“ಕಾಲು ಜುಮ್ ಅನ್ನಾಕತ್ತಾವ,” ಅಂದ.

“ಗೊತ್ತದ್ರಿ. ಚಿತ್ತಿಟ್ಟು ಕೇಳ್ರಿ. ನಿಮ್ಮ ಭಾರ ಈ ಗಾಲಿ ಮ್ಯಾಲಿಂದ ಏಳೋತನ ಶಾಲು ಬಿಡಂಗಿಲ್ಲ. ನೀವು ಎರಡೂ ಕೈಲೆ ನನಗ ತೆಕ್ಕಿ ಬಡದು ಮ್ಯಾಲ ಏಳ್ಬೇಕು. ನಾ ನಿಮ್ಮ ಕೊಂಡಿ ನನ್ನ ಗಾಲಿಗಿ ಹಾಕ್ತೇನಿ.”

“ಬ್ಯಾರೆ ದಾರಿ?”

“ಇಲ್ರಿ.”

“ಕಲ್ಲಿನಾಥಗ ಕರಿ.”

“ಅಂವ ಬರಂಗಿಲ್ರಿ. ಬಂದ್ರೂ ಅಷ್ಟೊತ್ತಿಗಿ ನೀವ್ ಇರಂಗಿಲ್ಲ.”

ಅವನು ತುಟಿ ನೆಕ್ಕಿಕೊಂಡ. ಕೆಳಗೆ ನೋಡಿದ, ಶಾಮಿಯಾನದ ಕಡೆ ನೋಡಿದ. ಅಲ್ಲಿ ನೂರು ಮೊಬೈಲು ಎದ್ದು ನಿಂತಿದ್ದವು.

“ನೀ ಯಾರ ಮಗಳು?”

ಆ ಸ್ಥಿತಿಯಲ್ಲೂ ಅವನಿಗೆ ಅದು ಬೇಕಿತ್ತು. ಶಾಲು ಕೊಯ್ಯಲು ಸೊಂಟದಿಂದ ಬಿಚ್ಚಿದ ಚಾಕು ನನ್ನ ಕೈಯಲ್ಲಿತ್ತು. ಶಾಲಿನ ಬದಲು ಬೆಲ್ಟಿನ ಪಟ್ಟಿಗೆ ಹಾಕಿದರೆ ಎರಡೇ ಎಳೆತ. ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಅನ್ನಿಸಿತು.

“ಮಾಳಮ್ಮನ ಮಗಳ್ರಿ. ಇದಽ ಖಣ್ಯಾಗ ಖಡಿ ಒಡೀತಿದ್ಳು. ಈಗರ ಮುಟ್ಲೇನು?”

ಅವನು ಮತ್ತೆ ಶಾಮಿಯಾನದ ಕಡೆ ನೋಡಿದ. ನಾನು ಕಾದೆ. ಅವನು ಸತ್ತರೆ ಆ ಕಾಗದ ನನ್ನನ್ನು ಬಿಡುವುದಿಲ್ಲ ಎಂದು ಗೊತ್ತಿತ್ತು. ಆದರೂ ಕಾದೆ.

“ಬಾಯಿ ಬಿಟ್ಟು ಹೇಳ್ರಿ ಗೌಡ್ರ. ನಾಳಿಗಿ ನಿಮ್ಮ ಮಗ, ಹೊಲೇರಾಕಿ ಮೈಮ್ಯಾಲ ಬಿದ್ಳು ಅಂತ ಹೇಳಬಾರ್ದು.”

“ಮುಟ್ಟವಾ,” ಅಂದ, ತುಟಿಯಲ್ಲಿ.

“ಆ ದಂಡಿಗಿ ಕೇಳಲಿಲ್ರಿ.”

ಅವನ ಕಣ್ಣಲ್ಲಿ ನೀರು ಬಂದಿತ್ತು. ಭಯದ್ದೋ ಅವಮಾನದ್ದೋ ನನಗೆ ತಿಳಿಯಲಿಲ್ಲ, ತಿಳಿಯುವ ಆಸೆಯೂ ಇರಲಿಲ್ಲ. “ಮುಟ್ಟು, ಮುಟ್ಟು ನನಗ,” ಎಂದು ಅವನು ಒದರಿದ. ಖಣಿಯ ಕಲ್ಲಿನ ಗೋಡೆಗಳು ಅದನ್ನು ಎರಡೂ ದಂಡೆಗೆ ಮುಟ್ಟಿಸಿದವು. ಆಮೇಲೆ ಅವನೇ ಕೈ ಚಾಚಿ ನನ್ನ ಕುತ್ತಿಗೆಗೆ ಜೋತುಬಿದ್ದ. ಅತ್ತರು, ಬೆವರು, ಉಚ್ಚೆ, ಮೂರೂ ಒಟ್ಟಿಗೆ ಮೂಗಿಗೆ ಬಡಿದವು. ಅವನ ಕುರುಚಲು ಗಡ್ಡ ನನ್ನ ಕೆನ್ನೆಯನ್ನು ತರಚಿತು. ಕೊಂಡಿ ಬದಲಿಸಿದೆ. ಶಾಲಿಗೆ ಚಾಕು ಹಾಕಿದೆ. ಜರಿ ಅಂಚು ಬೇಗ ತುಂಡಾಗಲಿಲ್ಲ, ನಾಲ್ಕು ಸಲ ಎಳೆಯಬೇಕಾಯಿತು. ಶಾಲು ನೀರಿಗೆ ಬಿದ್ದು ಸ್ವಲ್ಪ ಹೊತ್ತು ತೇಲಿ ಮುಳುಗಿತು.

“ಈ ಕಡಿ ತಾ, ಈ ಕಡಿ,” ಎಂದು ಸಂಜುಕುಮಾರ ಮೈಕಿನಲ್ಲಿ ಅರಚುತ್ತಿದ್ದ.

ತಂತಿಯ ಇಳಿಜಾರು ಆ ಕಡೆಗಿತ್ತು. ಏರಿಗೆ ಎಳೆದರೆ ಅರ್ಧ ಗಂಟೆ, ಇಳಿಜಾರಿಗೆ ಎರಡು ನಿಮಿಷ. ಇಳಿಜಾರು ಶಾಮಿಯಾನದ ಕಡೆಗಿದ್ದಿದ್ದರೂ ಅವನನ್ನು ಅಲ್ಲಿಗೆ ಒಯ್ಯುತ್ತಿದ್ದೆನೋ ಇಲ್ಲವೋ ಹೇಳಲಾರೆ. ಅಡ್ಡಾಗಿದ್ದ ಗೌಡನ ಗಾಲಿಯನ್ನು ಮುಂದಕ್ಕೆ ನೂಕಿ, ಗೌಡನನ್ನು ಎದೆಗೆ ಕಟ್ಟಿಕೊಂಡು ಕೇರಿಯವರು ನಿಂತ ದಂಡೆಗೆ ಇಳಿದೆ.

ಜಾವೀದ ನಮ್ಮಿಬ್ಬರನ್ನೂ ಹಿಡಿದ. ಗೌಡನ ಕಾಲು ನೆಲ ಹಿಡಿಯಲಿಲ್ಲ, ಕುಸಿದ. “ಅಂಗಾತ ಮಲಗಸ್ರಿ,” ಅಂದೆ. ಓಣಿಯ ಹೆಂಗಸರು ಯಾರನ್ನೂ ಕೇಳಲಿಲ್ಲ. ಒಬ್ಬಳು ತಲೆ ಹಿಡಿದಳು, ಇಬ್ಬರು ಸೊಂಟ ಹಿಡಿದರು. ಅವ್ವ ಅವನ ಒದ್ದೆ ಕಾಲುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮೀನಖಂಡ ತಿಕ್ಕತೊಡಗಿದಳು. ಉಳಿದವರು ಬಿಸಿಲಿಗೆ ಸೆರಗು ಅಡ್ಡ ಹಿಡಿದು ಸುತ್ತಲೂ ಒತ್ತಾಗಿ ಕೂತರು. ಒಂದಿಷ್ಟು ಹೊತ್ತಿಗೆ ಗೌಡನ ಮುಖಕ್ಕೆ ಬಣ್ಣ ಬಂತು. ಕಣ್ಣು ತೆರೆದು ಯಾರ್ಯಾರು ಎಂದು ನೋಡಿ, ಮತ್ತೆ ಮುಚ್ಚಿದ.

ಖಣಿ ಸುತ್ತಿಕೊಂಡು ಜೀಪು ಬಂತು. ಸಂಜುಕುಮಾರ ಇಳಿದ. ಕೈಯಲ್ಲಿ ಹಿತ್ತಾಳೆಯ ತಂಬಿಗೆ, ತಂಬಿಗೆ ತುಂಬ ನೀರು. ಕುಡಿಸಲು ತಂದದ್ದಲ್ಲ. ಅಪ್ಪನ ಮೈಮೇಲೆ ಸುರಿಯಲು, ಅವನಿಂದ ನಮ್ಮನ್ನು ತೊಳೆಯಲು ತಂದದ್ದು. ಹಿಂದೆ ಹೊಸ ಧೋತರ ಹಿಡಿದ ಕಲ್ಲಿನಾಥ.

“ಸರೀರಿ. ಅಪ್ಪಾವ್ರಿಗಿ ಒಯ್ಬೇಕು.”

ಯಾರೂ ಏಳಲಿಲ್ಲ. ಇಪ್ಪತ್ತು ಹೆಂಗಸರು, ಮೊಣಕೈಗೆ ಮೊಣಕೈ.

“ದಾರಿ ಬಿಡ್ರಿ ಅಂದ್ನೆಲ್ಲ. ಕಿವಿ ಸತ್ತಾವೇನು?”

“ನಾವೇನ್ ಹಿಡ್ಕೊಂಡಿಲ್ಲ ಯಪ್ಪಾ,” ಅವ್ವ ತಲೆ ಎತ್ತದೆ ಅಂದಳು. ಕೈ ತಿಕ್ಕುವುದನ್ನು ನಿಲ್ಲಿಸಲಿಲ್ಲ. “ಬಾ. ನಮ್ಮ ನಡಕ ಬಂದು ಎತ್ಕೊಂಡು ಹೋಗು. ನಿಮ್ಮಪ್ಪ ಅಲ್ಲೇನು?”

“ನಾಳಿಂದ ಬರಬ್ಯಾಡ ನೀ,” ಎಂದು ಸಂಜುಕುಮಾರ ನನಗೆ ಅಂದ.

“ನಾಳಿಂದು ನಾಳಿಗಿ. ನಿಮ್ಮಪ್ಪಗ ಎತ್ಕೋರಿ ಮೊದ್ಲ.”

ಅವನು ಎಡಕ್ಕೆ ನಡೆದ. ಬಲಕ್ಕೆ ಬಂದ. ಜಾವೀದ ಮೊಬೈಲು ತೆಗೆದು ಹಿಡಿದ. ಆ ದಂಡೆಯಲ್ಲಿ ಶಾಮಿಯಾನದ ಮಂದಿ ಕತ್ತು ಉದ್ದ ಮಾಡಿ ನಿಂತಿದ್ದರು. ಸಂಜುಕುಮಾರ ಹೆಂಗಸರ ಹೆಗಲುಗಳನ್ನೂ ಬೆನ್ನುಗಳನ್ನೂ ನೋಡುತ್ತ, ಯಾರಿಗೂ ತಾಗದೆ ಅಪ್ಪನ ಹತ್ತಿರ ಹೋಗಲು ಸಂದಿ ಹುಡುಕುತ್ತಿದ್ದ. ತಂಬಿಗೆಯ ನೀರು ತುಳುಕಿ ಅವನ ಬೂಟಿನ ಮೇಲೇ ಬೀಳುತ್ತಿತ್ತು. ಹೆಂಗಸರ ನಡುವೆ ಕಾಲಿಡುವಷ್ಟು ಜಾಗ ಇರಲಿಲ್ಲ.